ಅಡ್ಡಹೆಸರಿಲ್ಲದವಳು

ಕುತ್ಮನ್ ಆ ಹೆಸರನ್ನು ಕದ್ದಿದ್ದಾನೆ ಎಂಬುದರಲ್ಲಿ ವ್ಯಾನು ಹತ್ತುವವರೆಗೂ ಪೆರಿಜಾತ್‌ಗೆ ಸಂಶಯವಿರಲಿಲ್ಲ. ಹತ್ತಿ, ಕಿಟಕಿ ಪಕ್ಕದ ಸೀಟು ಹಿಡಿದು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡ ಮೇಲೆ ಇನ್ನೊಂದು ಸಂಶಯ ಎದ್ದಿತು: ಕದಿಯುವವನು ಹೋಗಿ ಹೋಗಿ ತೆಕೆಬಾಯ್ ಎಂಬ ಹೆಸರನ್ನು ಯಾಕೆ ಕದಿಯುತ್ತಾನೆ? ಹೋತದ ಸಾಹುಕಾರ ಎಂದು ಅದರ ಅರ್ಥ. ಅವಳ ಏಳು ಪಿತೃಗಳಲ್ಲಿ ಕೊನೆಯವನು ಅವನು. ಮೊದಲ ಆರು ಹೆಸರನ್ನು ಗತ್ತಿನಿಂದ ಹೇಳಿ ಏಳನೆಯದಕ್ಕೆ ಬಂದಾಗ ಅವಳು ಸಣ್ಣಂದಿನಿಂದಲೂ ಸ್ವಲ್ಪ ದನಿ ತಗ್ಗಿಸುತ್ತಿದ್ದಳು. ಇವತ್ತು ಕೊನೆಯ ಪೀರಿಯಡ್ಡಿನಲ್ಲಿ ಬುರುಲ್ ಅಕ್ಕ (ಟೀಚರುಗಳನ್ನು ಅಕ್ಕ ಅನ್ನುವುದೇ ರೂಢಿ) ವಸಂತದ ಹೊಸವರ್ಷವಾದ ನೂರೂಜ್ ಹಬ್ಬದ ಕಾರ್ಯಕ್ರಮಕ್ಕೆ ಆರಿಸಲೆಂದು ಒಬ್ಬೊಬ್ಬರನ್ನೇ ನಿಲ್ಲಿಸಿ ಅಪ್ಪ, ಅಪ್ಪನ ಅಪ್ಪ, ಅವನ ಅಪ್ಪ ಎಂದು ಏಳು ತಲೆ ಹೇಳಿಸಿದ್ದರು. ಪೆರಿಜಾತ್ ಎಲ್ಲರಿಗಿಂತ ಮೊದಲು ಎದ್ದು ಒಂದೇ ಉಸಿರಿನಲ್ಲಿ ಒಪ್ಪಿಸಿ ಕೂತಳು. ಕುತ್ಮನ್ ಕೊನೆಗೆ ಎದ್ದ. ಶರತ್ಕಾಲದಲ್ಲಷ್ಟೇ ಗುಡ್ಡದಾಚೆಯ ಅತ್‌ಬಾಷಿಯಿಂದ ಬಂದು ಶಾಲೆಗೆ ಸೇರಿದವನು. ಅವನ ಪಿತೃಗಳು ಯಾರಿಗೂ ಗೊತ್ತಿಲ್ಲ. ಆರು ಅಪರಿಚಿತ ಹೆಸರು ಹೇಳಿ, ಕಿಟಕಿಯಾಚೆ ನೋಡುತ್ತ, "ತೆಕೆಬಾಯ್" ಎಂದ.

ಹಿಂದಿನ ಬೆಂಚಿನಿಂದ ಯಾರೋ ಮ್ಯಾ ಎಂದರು. ಆಮೇಲೆ ಎಲ್ಲರೂ ಅಂದರು. ಬುರುಲ್ ಅಕ್ಕನಿಗೆ ಮಾತ್ರ ನಿಧಿ ಸಿಕ್ಕಿದ ಸಂಭ್ರಮ. "ನೋಡ್ರೋ, ಇಬ್ರದೂ ಒಂದೇ ಬೇರು. ಏಳರೊಳಗೆ ಸಿಕ್ಕಿದ್ರೆ ಅಣ್ಣ ತಂಗಿ ಇದ್ದ ಹಾಗೇ ಲೆಕ್ಕ, ಕೊಡೋ ತರೋ ಮಾತೇ ಇಲ್ಲ. ಕುತ್ಮನ್, ಇನ್ಮೇಲೆ ತಂಗೀನ ಚೆನ್ನಾಗಿ ನೋಡ್ಕೊಳಪ್ಪ." ಕೊಡುವ ತರುವ ಮಾತನ್ನು ಯಾರು ಎತ್ತಿದ್ದರು? ಯಾರೂ ಎತ್ತಿರಲಿಲ್ಲ. ಆದರೆ ಇಡೀ ತರಗತಿ ನಗುವುದಕ್ಕೆ ಅದೇ ಕಾರಣ ಎಂದು ಪೆರಿಜಾತ್‌ಗೂ ಗೊತ್ತಿತ್ತು, ನಗುವವರಿಗೂ ಗೊತ್ತಿತ್ತು. ಚಳಿಗಾಲದಲ್ಲಿ ಸೇತುವೆಯ ಮೇಲೆ ಅವಳ ಕೈಗವಸು ನದಿಗೆ ಬಿದ್ದಾಗ ಕುತ್ಮನ್ ತನ್ನ ಎಡಗೈಯದನ್ನು ಕಳಚಿಕೊಟ್ಟು, ಇಬ್ಬರೂ ಒಂದೊಂದು ಗವಸು ಹಾಕಿಕೊಂಡು ಬರಿಗೈಯನ್ನು ಜೇಬಿಗಿಟ್ಟು ಶಾಲೆಯವರೆಗೆ ನಡೆದಿದ್ದನ್ನು ಇಡೀ ನಾರಿನ್ ಪಟ್ಟಣ ನೋಡಿತ್ತು. ಇರುವುದೇ ಒಂದು ಉದ್ದನೆಯ ಬೀದಿಯ ಊರು. ನೋಡದೆ ಏನು ಮಾಡೀತು? ಆ ಎಡಗೈಯ ಗವಸು ಈಗಲೂ ಅವಳ ಚೀಲದಲ್ಲಿದೆ. ಅವನು ವಾಪಸ್ಸು ಕೇಳಲಿಲ್ಲ, ಅವಳು ಕೊಡಲಿಲ್ಲ. ಈಗ ಅವನಿಗೆ ಬೇಜಾರಾಗಿರಬೇಕು. ಬಿಡಿಸಿಕೊಳ್ಳಬೇಕು. ನೇರವಾಗಿ ಹೇಳುವ ಧೈರ್ಯವಿಲ್ಲದೆ ಏಳನೆಯ ಹೆಸರನ್ನು ಬದಲಾಯಿಸಿದ. ತಂಗಿ ಅಂದರೆ ಮುಗಿಯಿತಲ್ಲ, ಯಾರೂ ಅವನನ್ನು ಒರಟ ಎನ್ನುವ ಹಾಗಿಲ್ಲ.

ವ್ಯಾನಿನ ಮುಂದಿನ ಸೀಟಿನಿಂದ ಅವನೇ ತಿರುಗಿ, "ತಂಗೀ, ಚೀಲ ಹಿಡ್ಕೊಳ್ಳಾ?" ಎಂದ.

"ಎಲ್ಲಿಂದ ತಂದೆ ಆ ಹೆಸರನ್ನ?"

"ಯಾವುದು, ಹೋತಾನಾ? ನಮ್ಮಜ್ಜಿ ಕಲಿಸಿದ್ದು. ಕದಿಯೋ ಹಾಗಿದ್ರೆ ಇದಕ್ಕಿಂತ ಒಳ್ಳೇದು ಕದೀತಿದ್ದೆ ಕಣೇ."

ತಾನು ಈಗಷ್ಟೇ ಯೋಚಿಸಿದ್ದನ್ನೇ ಇವನು ಬಾಯಿಬಿಟ್ಟು ಹೇಳಿದ್ದು ಅವಳಿಗೆ ಇನ್ನಷ್ಟು ಅನುಮಾನಕ್ಕೆ ಕಾರಣವಾಯಿತು. ನಿರಪರಾಧಿಯಾದವನು ಇಷ್ಟು ಸಿದ್ಧವಾಗಿ ಉತ್ತರ ಇಟ್ಟುಕೊಂಡಿರುವುದಿಲ್ಲ. ಅವನ ಮುಖವನ್ನು ಚೆನ್ನಾಗಿ ನೋಡಿದಳು. ನಗುತ್ತಿದ್ದ, ಆದರೆ ಕಿವಿ ಕೆಂಪಾಗಿತ್ತು. ಚಳಿಗೆ ಕೆಂಪಾಗಿದೆಯೋ ಸುಳ್ಳಿಗೋ, ಅಥವಾ ಅವಳಿಗೆ ಆದ ಬೇಸರವೇ ಅವನಿಗೂ ಆಗಿದೆಯೋ ಎಂದು ತೀರ್ಮಾನಿಸುವ ಮೊದಲೇ ಅವಳ ಸ್ಟಾಪು ಬಂತು.

ಮನೆಯಲ್ಲಿ ಹಬ್ಬದ ಬೋರ್ಸೊಕ್ ಕರಿಯುವ ವಾಸನೆ ಅಂಗಳದವರೆಗೆ ಬಂದಿತ್ತು. ಅತ್ತಿಗೆ ಒಲೆಯ ಮುಂದೆ ನಿಂತು ಹಿಟ್ಟಿನ ತುಂಡುಗಳನ್ನು ಎಣ್ಣೆಗೆ ಬಿಡುತ್ತಿದ್ದಳು. ಪೆರಿಜಾತ್ ಬಾಗಿಲಲ್ಲಿ ಬೂಟು ಬಿಚ್ಚುವಾಗ, ತಲೆಯೆತ್ತದೆಯೇ, ಅತ್ತಿಗೆ ತನ್ನನ್ನು ನೋಡಿದ್ದು ಗೊತ್ತಾಯಿತು. ಅತ್ತಿಗೆ ಯಾವಾಗಲೂ ನೋಡುತ್ತಾಳೆ. ಅಂಗಡಿಗೆ ಬಂದ ಗಿರಾಕಿ ಏನಾದರೂ ಜೇಬಿಗಿಳಿಸುತ್ತಾನೋ ಎಂದು ಅಂಗಡಿಯವನು ಗಮನಿಸುವ ಹಾಗೆ. ಜಡೆ ನೋಡುತ್ತಾಳೆ, ಕಾಲುಚೀಲ ನೋಡುತ್ತಾಳೆ, ತಟ್ಟೆಯಲ್ಲಿ ಬಿಟ್ಟ ಮಾಂಸದ ಚೂರು ನೋಡುತ್ತಾಳೆ, ಏನೂ ಅನ್ನುವುದಿಲ್ಲ. ಎಂಟನೆಯ ತರಗತಿಯಲ್ಲಿ ಜ್ವರ ಬಂದು ಮಲಗಿದ್ದಾಗ ಒಮ್ಮೆ ಎಚ್ಚರವಾದರೆ ಹಾಸಿಗೆಯ ಪಕ್ಕದಲ್ಲಿ ಅತ್ತಿಗೆ ಕೂತಿದ್ದಳು. ಅಮ್ಮ ಒಳಗೆ ಬಂದ ಕೂಡಲೇ ಸಿಕ್ಕಿಬಿದ್ದವಳಂತೆ ಎದ್ದು ಬಾಗಿಲಿಗೆ ಸರಿದಳು. ಅವಳು ಕೂತಿದ್ದ ಜಾಗ ಬೆಚ್ಚಗಿತ್ತು, ಬಹಳ ಹೊತ್ತಿನಿಂದ ಕೂತಿದ್ದಳು. ಏನನ್ನು ಕಾಯುತ್ತಿದ್ದಳು? ನಾನು ಸಾಯುವುದನ್ನೇ ಎಂದು ಪೆರಿಜಾತ್ ಜ್ವರದಲ್ಲಿ ಯೋಚಿಸಿದ್ದಳು. ಜ್ವರ ಬಿಟ್ಟ ಮೇಲೆ ಆ ಯೋಚನೆಗೆ ನಾಚಿದಳಾದರೂ ಅದನ್ನು ಪೂರ್ತಿ ಬಿಟ್ಟಿರಲಿಲ್ಲ.

"ಪೆರಿಜಾತ್, ಕೈ ತೊಳ್ಕೊ" ಎಂದಳು ಅತ್ತಿಗೆ.

ಇದೇ. ಈ ಬರಿಯ ಹೆಸರೇ ಎಲ್ಲಕ್ಕಿಂತ ಚುಚ್ಚುತ್ತಿದ್ದದ್ದು. ಅತ್ತಿಗೆ ಹಳೆಯ ಪದ್ಧತಿಯ ಹಳ್ಳಿಯವಳು, ಅಮ್ಮನೂ ಅದೇ ಪದ್ಧತಿಯ ಅತ್ತೆ. ಸೊಸೆಯಾದವಳು ಗಂಡನ ಹೆಸರು, ಗಂಡನ ಮನೆಯ ಹಿರಿಯರ ಹೆಸರು, ಸತ್ತು ಮಣ್ಣಾದ ಪಿತೃಗಳ ಹೆಸರು ಯಾವುದನ್ನೂ ಬಾಯಲ್ಲಿ ಹೇಳುವಂತಿಲ್ಲ. ಹೆಸರೊಳಗೆ ಸಿಕ್ಕಿಕೊಂಡ ಮಾತನ್ನೂ ಆಡುವಂತಿಲ್ಲ. ತೆಕೆಬಾಯ್ ದೆಸೆಯಿಂದ ಅತ್ತಿಗೆ ಹೋತವನ್ನು ಹೋತ ಎನ್ನದೆ ಗಡ್ಡದವನು ಎನ್ನುತ್ತಾಳೆ, ಒಮ್ಮೆ ದನದ ಸಂತೆಯಲ್ಲಿ "ಆ ಗಡ್ಡದೋನಿಗೆ ಎಷ್ಟು?" ಎಂದು ಕೇಳಿ, ಹೋತದ ಪಕ್ಕದಲ್ಲಿ ನಿಂತಿದ್ದ ಮುದುಕನ ಕೈಯಲ್ಲಿ ಬೈಸಿಕೊಂಡಿದ್ದಳು. ಅಣ್ಣನ ಹೆಸರು ಎಸೆನ್, ಅಂದರೆ ಕ್ಷೇಮ. ಹಾಗಾಗಿ ಊರೆಲ್ಲ ಎದುರು ಸಿಕ್ಕವರನ್ನು ಕ್ಷೇಮವೇ ಎಂದು ಕೇಳಿದರೆ ಅತ್ತಿಗೆ ಮಾತ್ರ ಚೆನ್ನಾಗಿದ್ದೀರಾ ಎನ್ನುತ್ತಾಳೆ. ಗಂಡನ ಒಡಹುಟ್ಟಿದವರನ್ನೂ ಸೊಸೆ ಹೆಸರು ಹಿಡಿದು ಕರೆಯುವಂತಿಲ್ಲ. ಮುದ್ದಿನಿಂದ ಒಂದೊಂದು ಅಡ್ಡಹೆಸರು ಕೊಡಬೇಕು. ಮದುವೆಯಾಗಿ ರಾಜಧಾನಿ ಬಿಷ್ಕೆಕ್‌ನಲ್ಲಿರುವ ದೊಡ್ಡಕ್ಕ ನಾಜಿಕೆಯನ್ನು ಅತ್ತಿಗೆ ಸಕ್ಕರೆ ಎನ್ನುತ್ತಾಳೆ. ಫೋನಿನಲ್ಲಿ ಸಕ್ಕರೆ, ಸಕ್ಕರೆ ಎಂದು ಕರೆಯುವುದನ್ನು ಕೇಳುತ್ತ ಪೆರಿಜಾತ್ ತನಗೆ ಏನು ಹೆಸರು ಬರಬಹುದೆಂದು ಎಷ್ಟೋ ವರ್ಷ ಕಾದಳು. ಬೆಳ್ಳಕ್ಕಿ ಅಂದರೂ ಆಗುತ್ತಿತ್ತು, ಮೊಂಡಿ ಅಂದರೂ ಆಗುತ್ತಿತ್ತು. ಬರಲಿಲ್ಲ. ಸಕ್ಕರೆ ಎಲ್ಲ ದೊಡ್ಡಕ್ಕನಿಗೇ ಖರ್ಚಾಗಿ ತನಗೆ ಏನೂ ಉಳಿಯಲಿಲ್ಲ ಎಂದು ಅವಳು ತನ್ನಷ್ಟಕ್ಕೆ ಒಂದು ಜೋಕು ಮಾಡಿಕೊಂಡಿದ್ದಳು, ಅದಕ್ಕೆ ಒಂದು ದಿನವೂ ನಗು ಬಂದಿರಲಿಲ್ಲ. ಇನ್ನೂ ಚಿಕ್ಕವಳಿದ್ದಾಗ, ಬರಿಯ ಹೆಸರು ಕೇಳಿ ಕೇಳಿ ಸಿಟ್ಟು ಬಂದು, "ನೀನು ಹೊರಗಿನವಳು, ನಿಂಗೇನು ಗೊತ್ತು" ಎಂದುಬಿಟ್ಟಿದ್ದಳು. ಅತ್ತಿಗೆ ಆಗ ಹಿಟ್ಟು ನಾದುತ್ತಿದ್ದಳು, ನಾದುತ್ತಲೇ ಇದ್ದಳು. ಆ ದಿನದ ರೊಟ್ಟಿ ಗಟ್ಟಿಯಾಗಿತ್ತು.

ಅಪ್ಪ ಒಳಗೆ ಕಂಬಳಿಯ ಮೇಲೆ ಚಹಾ ಕುಡಿಯುತ್ತ ಕೂತಿದ್ದ. ತುರ್ದುಕುಲ್ ಮುದುಕನಿಗೆ ಪಿತೃಗಳ ಮಾತು ತೆಗೆದರೆ ಚಹಾ ಆರಿದರೂ ಪರಿವೆಯಿಲ್ಲ. ಒಂದೊಂದು ಹೆಸರಿಗೆ ಒಂದೊಂದು ಕಲ್ಲುಸಕ್ಕರೆ ಕೊಟ್ಟು ಪೆರಿಜಾತ್‌ಗೆ ಏಳನ್ನೂ ಕಲಿಸಿದವನು ಅವನೇ. ಮೊದಲನೆಯ ಚೂರಿಗೆ ತುರ್ದುಕುಲ್, ಕೊನೆಯದಕ್ಕೆ ತೆಕೆಬಾಯ್. ಅವಳು ಅಮ್ಮನ ಪಕ್ಕದಲ್ಲಿ ಕೂತು, ಆದಷ್ಟು ನಿರ್ಲಕ್ಷ್ಯದ ದನಿಯಲ್ಲಿ, ಶಾಲೆಯಲ್ಲಿ ಒಬ್ಬ ಹುಡುಗ ಹೀಗೆ ಹೀಗೆ ಹೇಳಿದ, ಸುಳ್ಳಿರಬೇಕು ಎಂದಳು.

"ಅತ್‌ಬಾಷಿಯವನಾ?" ಅಪ್ಪನ ಮುಖ ಅರಳಿತು. "ಹಾಗಾದ್ರೆ ಸುಳ್ಳಲ್ಲಮ್ಮ. ತೆಕೆಬಾಯ್‌ಗೆ ಇಬ್ರು ಮಕ್ಳು. ದೊಡ್ಡೋನು ಕರಾಕೊಜೊ, ನಮ್ಮೋನು. ಚಿಕ್ಕೋನು ಅಣ್ಣನ ಜತೆ ಕುದುರೆ ವಿಷಯಕ್ಕೆ ಜಗಳ ಆಡ್ಕೊಂಡು ಗುಡ್ಡ ದಾಟಿ ಆ ಕಡೆ ಹೋದ. ಅವನ ಪೈಕಿ ಇವನು. ಎಂಥ ಒಳ್ಳೇ ಸುದ್ದಿ ತಂದೆ ನೀನು. ಕರ್ಕೊಂಡು ಬಾ ಅವನನ್ನ, ನಮ್ಮ ಹುಡುಗ."

ನಮ್ಮ ಹುಡುಗ. ಕುತ್ಮನ್ ಕಳ್ಳನಾಗಿದ್ದರೆ ಸಿಟ್ಟು ಮಾಡಿಕೊಂಡು, ಗವಸನ್ನು ಮುಖಕ್ಕೆ ಎಸೆದು, ಆಮೇಲೆ ಯಾವಾಗಲಾದರೂ ಕ್ಷಮಿಸಬಹುದಿತ್ತು. ನೆಂಟನಾದರೆ ಏನು ಮಾಡುವುದು? ಆರು ತಲೆಯ ಹಿಂದೆ ಕುದುರೆಗಾಗಿ ಜಗಳವಾಡಿದ ಇಬ್ಬರು ಗಡ್ಡದವರು ತನ್ನ ಚೀಲದಲ್ಲಿರುವ ಗವಸಿಗೆ ಕೈಹಾಕಿದ್ದಾರೆ. ಅವಳು ಬೋರ್ಸೊಕ್ ಒಂದನ್ನು ಬಾಯಿಗಿಟ್ಟುಕೊಂಡು ಅಗಿಯದೆ ಕೂತಳು.

ಆಗ ಒಲೆಯ ಕಡೆಯಿಂದ ಅತ್ತಿಗೆ, ಯಾರಿಗೆ ಎಂದಿಲ್ಲದೆ, ಮೆಲ್ಲಗೆ ಹೇಳಿದಳು: "ಆ ಕೊನೇ ಹಿರಿಯರು ಪೆರಿಜಾತ್ ಲೆಕ್ಕಕ್ಕೆ ಬರಲ್ಲ."

ಅಮ್ಮ ಚಹಾದ ಬಟ್ಟಲನ್ನು ಕೆಳಗಿಟ್ಟಳು. ಇಟ್ಟ ಸದ್ದು ಜೋರಾಯಿತು. ಅಪ್ಪ ಹೊರಗೆ ನಾಯಿ ಬೊಗಳಿತೇನೋ ಎನ್ನುವಂತೆ ಕಿಟಕಿಯ ಕಡೆ ತಿರುಗಿದ. ನಾಯಿ ಬೊಗಳಿರಲಿಲ್ಲ.

"ಯಾಕೆ ಬರಲ್ಲ?" ಎಂದಳು ಪೆರಿಜಾತ್.

"ಏನಿಲ್ಲ. ಹೆಣ್ಮಕ್ಳಿಗೆ ಅಷ್ಟು ಕಟ್ಟುನಿಟ್ಟು ಇಲ್ಲ ಅಂದೆ."

"ಯಾರಂದ್ರು ಇಲ್ಲ ಅಂತ?" ಎಂದಳು ಅಮ್ಮ, ಸೊಸೆಯ ಕಡೆ ನೋಡದೆ. "ಎಣ್ಣೆ ಹೊತ್ತೋಗ್ತಿದೆ ನೋಡು."

ಎಣ್ಣೆ ಹೊತ್ತಿರಲಿಲ್ಲ. ನಾಯಿಯೂ ಬೊಗಳದ, ಎಣ್ಣೆಯೂ ಹೊತ್ತದ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಬೇರೆ ಕಡೆ ನೋಡಿದರೆ ಅದಕ್ಕೊಂದು ಕಾರಣವಿರುತ್ತದೆ. ಪೆರಿಜಾತ್‌ಗೆ ಮೊದಲು ಹೊಳೆದದ್ದು, ಅತ್ತಿಗೆ ತನ್ನನ್ನು ಬೇಗ ಯಾರಿಗಾದರೂ ಕಟ್ಟಿ ಮನೆಯಿಂದ ಸಾಗಹಾಕಬೇಕೆಂದಿದ್ದಾಳೆ, ಅದಕ್ಕೇ ಏಳರ ನಿಯಮವನ್ನೂ ಸಡಿಲಿಸಲು ಹೊರಟಿದ್ದಾಳೆ ಎಂದು. ಈ ಅನುಮಾನವನ್ನು ಹಿಡಿದುಕೊಂಡು ಅವಳು ತನ್ನ ಕೋಣೆಗೆ ಹೋದಳು. ಅಲ್ಲಿ ಅತ್ತಿಗೆಯ ಮಗಳು ಐದಾಯ್, ಎರಡನೆಯ ತರಗತಿಯವಳು, ಹಾಸಿಗೆಯ ಮೇಲೆ ಕುಣಿಯುತ್ತ ತನ್ನ ಹಬ್ಬದ ಪಾಠ ಒಪ್ಪಿಸುತ್ತಿದ್ದಳು. ಕುಣಿತಕ್ಕೊಂದು ಹೆಸರು: "ಎಸೆನ್, ತುರ್ದುಕುಲ್, ಇಸಾಕ್, ಬಾಯ್‌ಸರಿ, ಚೊಲೊಕ್, ಎಶಿಮ್, ಕರಾಕೊಜೊ." ಕರಾಕೊಜೊಗೆ ಬಂದು ಧೊಪ್ಪೆಂದು ಕೂತಳು.

"ಹೋತ ಎಲ್ಲಿ?" ಎಂದು ಪೆರಿಜಾತ್ ಸುಮ್ಮನೆ ತಮಾಷೆಗೆ ಕೇಳಿದಳು.

"ಹೋತ ನಂಗಿಲ್ಲ. ನಂಗೆ ಏಳಕ್ಕೇ ಮುಗ್ದೋಯ್ತು. ಹೋತ ನಿಂಗೆ ಮಾತ್ರ."

ಅದು ಸರಿಯೇ. ಐದಾಯ್ ಒಂದು ತಲೆ ಕೆಳಗಿನವಳು. ಮುಂದೆ ಎಸೆನ್ ಸೇರಿಕೊಂಡರೆ ಹಿಂದೆ ಹೋತ ಬಿದ್ದುಹೋಗುತ್ತದೆ. ಎಸೆನ್ ಮಕ್ಕಳಿಗೆ ಹೋತ ಲೆಕ್ಕಕ್ಕೆ ಬರುವುದಿಲ್ಲ. ಇಷ್ಟು ಸರಳವಾದ ಮಾತನ್ನು ಅವಳು ಮನಸ್ಸಿನಲ್ಲಿ ಹೇಳಿಕೊಂಡಳು, ಹೇಳಿಕೊಂಡು ಒಂದು ಕಾಲುಚೀಲ ಬಿಚ್ಚಿದಳು, ಇನ್ನೊಂದನ್ನು ಬಿಚ್ಚಲಿಲ್ಲ.

"ಐದಾಯ್, ಬಾ ಇಲ್ಲಿ, ತಲೆ ಬಾಚ್ತೀನಿ" ಎಂದು ಅಡುಗೆಮನೆಯಿಂದ ಅತ್ತಿಗೆಯ ದನಿ ಬಂತು. ಐದಾಯ್ ಓಡಿಹೋದಳು. ಅತ್ತಿಗೆ ಈ ಮನೆಯಲ್ಲಿ ಹೆಸರು ಹಿಡಿದು ಕರೆಯುವುದು ಯಾರನ್ನು? ಮಾವ ಹಿರಿಯರು. ಗಂಡ ಇವರು. ನಾದಿನಿ ಸಕ್ಕರೆ. ಹೆಸರು ಹಿಡಿದು ಕರೆಯುವುದು ಇಬ್ಬರನ್ನೇ: ಐದಾಯ್, ಪೆರಿಜಾತ್. ಅಡ್ಡಹೆಸರು ಕೊಡಲಿಲ್ಲ ಎಂದು ಇಷ್ಟು ವರ್ಷ ಮುನಿಸು. ಅಡ್ಡಹೆಸರು ಕೊಡುವುದು ಯಾರಿಗೆ, ಗಂಡನ ತಂಗಿಗೆ. ಇನ್ನೊಬ್ಬರಾದರೆ ಇಷ್ಟಕ್ಕೆ ನಿಂತುಬಿಡುತ್ತಿದ್ದರು, ಆದರೆ ಅನುಮಾನ ಅಭ್ಯಾಸವಾದ ತಲೆ ಒಂದು ದಾರ ಸಿಕ್ಕರೆ ಇಡೀ ಸ್ವೆಟರನ್ನೇ ಬಿಚ್ಚದೆ ಬಿಡುವುದಿಲ್ಲ. ಚೊಚ್ಚಲ ಮಗುವನ್ನು ಅಜ್ಜ ಅಜ್ಜಿ ಮಡಿಲಿಗೆ ಹಾಕಿಕೊಳ್ಳುವುದು ಹೊಸ ವಿಷಯವಲ್ಲ. ಬೀದಿಯಲ್ಲಿ ಇನ್ನೂ ಎರಡು ಮನೆಯಲ್ಲಿ ಹಾಗಿದೆ. ಅಂಥ ಮಗು ಅಜ್ಜನನ್ನೇ ಅಪ್ಪ ಎನ್ನುತ್ತದೆ, ಹೆತ್ತವರನ್ನು ಅಣ್ಣ ಅತ್ತಿಗೆ ಎನ್ನುತ್ತದೆ. ಹೆತ್ತವರು ಹಿರಿಯರ ಮುಂದೆ ಅದನ್ನು ಮುದ್ದಿಸುವಂತಿಲ್ಲ. ಅಣ್ಣ ಎಸೆನ್ ಗಣಿಯಿಂದ ಕಲ್ಲಿದ್ದಲಿನ ಲಾರಿ ತಂದು ನಿಲ್ಲಿಸಿ, ಉಗುರಿನ ಕಪ್ಪು ತೊಳೆದುಕೊಂಡು, ಯಾರೂ ನೋಡದಾಗ ಕಿಟಕಿಯ ಕಟ್ಟೆಯ ಮೇಲೆ ಚೂಯಿಂಗ್ ಗಮ್ ಇಟ್ಟು ಹೋಗುತ್ತಿದ್ದ. ಐದಾಯ್‌ಗೂ ಕೈಗೆ ಕೊಡುತ್ತಿರಲಿಲ್ಲ, ಎರಡು ಇಡುತ್ತಿದ್ದ. ಅಣ್ಣ ಸಂಕೋಚದ ಮನುಷ್ಯ ಎಂದು ಅವಳು ತಿಳಿದಿದ್ದಳು. ತಾನು ಹುಟ್ಟಿದಾಗ ಅಮ್ಮನಿಗೆ ವಯಸ್ಸು ಎಷ್ಟಾಗಿತ್ತು ಎಂದು ಲೆಕ್ಕ ಹಾಕಲು ಹೋಗಿ ಅರ್ಧಕ್ಕೆ ನಿಲ್ಲಿಸಿದಳು. ಹಾಗೆ ಲೆಕ್ಕ ಹಾಕುವುದು ಅಮ್ಮನ ಜೇಬಿಗೆ ಕೈಹಾಕಿದಂತೆ ಅನ್ನಿಸಿತು.

ಕೇಳಿಬಿಡಬಹುದಿತ್ತು. ಅಡುಗೆಮನೆಗೆ ಹೋಗಿ, ಬಾಗಿಲು ಮುಂದೆ ಮಾಡಿ, ಹೌದಾ ಎಂದು ಒಂದೇ ಮಾತು. ಆದರೆ ಇಲ್ಲ ಎಂದರೆ ಅದನ್ನು ನಂಬಲಾಗದು, ಹೌದು ಎಂದರೆ ಆ ಕ್ಷಣದಿಂದ ಅಪ್ಪ ಅಜ್ಜನಾಗುತ್ತಾನೆ, ಅಮ್ಮ ಅಜ್ಜಿಯಾಗುತ್ತಾಳೆ, ಅವಳು ಯಾರ ಮಗಳು ಎನ್ನುವುದು ಒಲೆಯ ಹತ್ತಿರ ನಿಂತ ಒಬ್ಬಳ ಬಾಯಿಮಾತಿನಿಂದ ತೀರ್ಮಾನವಾಗುತ್ತದೆ. ಅವಳಿಗೆ ಬೇಕಾದದ್ದು ಮಾತಲ್ಲ. ತಮಗೇ ಗೊತ್ತಾಗದ ಹಾಗೆ, ಸುಳ್ಳು ಹೇಳಲು ಪುರಸೊತ್ತೇ ಸಿಗದ ಹಾಗೆ ಅವರು ಸಿಕ್ಕಿಬೀಳಬೇಕು. ಹಾಗಾಗಿ ಅವಳು ಒಂದು ಬೋನು ಯೋಚಿಸಿದಳು, ಯೋಚಿಸಿದ್ದಕ್ಕೆ ಸ್ವಲ್ಪ ಹೆಮ್ಮೆಯೂ ಪಟ್ಟಳು.

ಹಬ್ಬದ ದಿನ ಶಾಲೆಯ ಸಭಾಂಗಣ ಕಾಗದದ ಟ್ಯೂಲಿಪ್ ಹೂಗಳಿಂದ ಕೆಂಪಾಗಿತ್ತು. ಮುಂದಿನ ಸಾಲಿನಲ್ಲಿ ಬಿಳಿಯ ಕಲ್ಪಾಕ್ ಟೋಪಿ ತೊಟ್ಟ ಮುದುಕರು, ಅವರ ನಡುವೆ ಅಪ್ಪ, ಬೆನ್ನು ನೆಟ್ಟಗೆ ಮಾಡಿ, ತನ್ನ ಶಿಷ್ಯೆಯ ಪರೀಕ್ಷೆಗೆ ಬಂದ ಮೇಷ್ಟರ ಠೀವಿಯಲ್ಲಿ. ಪಕ್ಕದಲ್ಲಿ ಅಮ್ಮ, ಹೊಸ ಮಖಮಲ್ ಜಾಕೀಟಿನಲ್ಲಿ. ಸೊಸೆಯಂದಿರು ಕೂರುವ ಹಾಗಿಲ್ಲ. ಹಿಂದೆ ಬಾಗಿಲ ಬಳಿ ಬೋರ್ಸೊಕ್ ತಟ್ಟೆಗಳನ್ನು ಹಿಡಿದು ನಿಂತಿದ್ದರು, ಅವರಲ್ಲಿ ಅತ್ತಿಗೆ. ಎಸೆನ್ ಇನ್ನೂ ಹಿಂದೆ, ಬಾಗಿಲ ಚೌಕಟ್ಟಿಗೆ ಒರಗಿ. ಪೆರಿಜಾತ್ ಪರದೆಯ ಸಂದಿಯಿಂದ ಎಲ್ಲರನ್ನೂ ನೋಡಿ ಇಟ್ಟುಕೊಂಡಳು. ಕುತ್ಮನ್ ಅವಳಿಗಿಂತ ಮೊದಲೇ ಹೇಳಿ ಮುಗಿಸಿ, ತನ್ನ ಪಾಲಿನ ಮ್ಯಾ ಸ್ವೀಕರಿಸಿ ಬಂದ.

"ಹೋಗು ತಂಗೀ" ಎಂದ. ಆಮೇಲೆ ದನಿ ತಗ್ಗಿಸಿ, "ತಂಗೀ ಅನ್ನಕ್ಕೆ ನಂಗೇನು ಇಷ್ಟ ಇಲ್ಲ, ಗೊತ್ತಾಯ್ತಾ. ಎಲ್ರೂ ಅಂತಾರಲ್ಲ, ಮೊದ್ಲು ನಾನೇ ಅಂದ್ಬಿಟ್ರೆ ಅವ್ರಿಗೆ ಮಜ ಇರಲ್ಲ ಅಂತ" ಎಂದ. ಇದು ನಿಜವೋ ಎಂದು ಅನುಮಾನಿಸಲು ಅವಳಿಗೆ ಸಮಯವಿರಲಿಲ್ಲ.

ಮೈಕಿನ ಮುಂದೆ ನಿಂತಳು. ನನ್ನ ಏಳು ಪಿತೃಗಳು ಎಂದಳು. ನಿಲ್ಲಿಸಿದಳು.

ಮರೆತ ಮಗುವಿಗೆ ಮನೆಯವರು ಕೂತಲ್ಲಿಂದಲೇ ಎತ್ತಿಕೊಡುವುದು ವಾಡಿಕೆ. ಯಾರು ಯಾವ ಹೆಸರು ಎತ್ತಿಕೊಡುತ್ತಾರೆ ಎಂಬುದೇ ಅವಳ ಬೋನು. ಅವಳು ಮರೆತವಳ ಮುಖ ಮಾಡಿಕೊಂಡು ಸುಮ್ಮನಿದ್ದಳು. ಅಪ್ಪನ ತುಟಿ ಅಲುಗಲಿಲ್ಲ. ಅವಳು ಮರೆಯಬಲ್ಲಳೆಂದು ಅವನು ನಂಬುವವನೇ ಅಲ್ಲ, ನಗುತ್ತ ಕಾಯುತ್ತಿದ್ದ. ಆ ನಗುವನ್ನು ನೋಡಿದ ಮೇಲೆ ಹೇಳಿಬಿಡೋಣ, ತುರ್ದುಕುಲ್ ಎಂದು ಶುರುಮಾಡಿಬಿಡೋಣ ಅನ್ನಿಸಿತು. ಹಿಂದಿನ ಸಾಲಿನಲ್ಲಿ ಒಂದು ಮ್ಯಾ ಕೇಳಿಸಿತು. ಯಾರೋ ಕಿಸಕ್ಕೆಂದರು. ಬುರುಲ್ ಅಕ್ಕ ಪಕ್ಕದಿಂದ, "ಅಪ್ಪನ ಹೆಸರಮ್ಮ, ಅಪ್ಪನ ಹೆಸರು, ಅದೂ ಮರೆತೋಯ್ತಾ" ಎಂದು ಪಿಸುಗುಟ್ಟಿದ್ದು ಮೈಕಿನಲ್ಲಿ ಇಡೀ ಸಭೆಗೆ ಕೇಳಿತು. ಈಗ ಎಲ್ಲರೂ ನಕ್ಕರು. ಅವಳ ಮುಖ ಬಿಸಿಯಾಯಿತು. ಬೋನು ಇಟ್ಟವಳೇ ಅದರೊಳಗೆ ನಿಂತ ಹಾಗಾಯಿತು, ಕಣ್ಣಲ್ಲಿ ನೀರು ನಿಜವಾಗಿಯೇ ತುಂಬಿತು.

"ಎಸೆನ್!"

ರಸ್ತೆಗೆ ಓಡುವ ಮಗುವನ್ನು ಕೂಗಿದಂತೆ, ಜೋರಾಗಿ, ಬಾಗಿಲ ಕಡೆಯಿಂದ. ಅತ್ತಿಗೆಯ ದನಿ. ಅವಳ ಬಾಯಲ್ಲಿ ಆ ಶಬ್ದ ಪೆರಿಜಾತ್ ಹುಟ್ಟಿದಾಗಿನಿಂದ ಕೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. ಒಂದೇ ಮಾತಿನಲ್ಲಿ ಅತ್ತಿಗೆ ಗಂಡನ ಹೆಸರನ್ನೂ ಹೇಳಿದ್ದಳು, ಮಗಳ ಅಪ್ಪನ ಹೆಸರನ್ನೂ ಹೇಳಿದ್ದಳು. ಹೇಳಿದ ಮೇಲೆ ಗೊತ್ತಾಗಿ ತಲೆವಸ್ತ್ರದ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ತಟ್ಟೆ ವಾಲಿ ಒಂದಷ್ಟು ಬೋರ್ಸೊಕ್ ನೆಲಕ್ಕೆ ಉರುಳಿದವು. ಅಮ್ಮ ಹಿಂದಕ್ಕೆ ತಿರುಗಿ ಸೊಸೆಯನ್ನು ನೋಡಿದಳು. ಎಸೆನ್ ಚಾವಣಿಯ ಕಡೆ ಮುಖ ಎತ್ತಿದ.

"ಅದು ನಿಮ್ಮಣ್ಣನ ಹೆಸರಲ್ವೇನೇ?" ಎಂದರು ಬುರುಲ್ ಅಕ್ಕ.

ಗೆದ್ದರೆ ಗೆದ್ದ ಹಾಗೆ ಅನ್ನಿಸುತ್ತದೆ ಎಂದು ಪೆರಿಜಾತ್ ತಿಳಿದಿದ್ದಳು. ಹಾಗೇನೂ ಅನ್ನಿಸಲಿಲ್ಲ. ಬೋನಿಗೆ ಬಿದ್ದದ್ದು ಕಳ್ಳಿಯಲ್ಲ. ಮಗಳು ಸಭೆಯಲ್ಲಿ ನಗೆಪಾಟಲಾಗುವುದನ್ನು ನೋಡಲಾಗದೆ, ಇಷ್ಟು ವರ್ಷ ಬಾಯಲ್ಲಿ ಬಿಗಿಹಿಡಿದದ್ದನ್ನು ಬಿಟ್ಟುಕೊಟ್ಟವಳು. ಅವಳ ಮೇಲೆ ಎಷ್ಟು ಪ್ರೀತಿ ಉಕ್ಕಿತೆಂದರೆ ಪೆರಿಜಾತ್‌ಗೆ ಅದು ನಾಚಿಕೆಯೋ ಎಂದೇ ಅನುಮಾನವಾಯಿತು. ಮುಂದಿನ ಸಾಲಿನಲ್ಲಿ ಅಪ್ಪನ ನಗು ಇನ್ನೂ ಮುಖದ ಮೇಲೇ ಇತ್ತು, ಅದನ್ನು ಎಲ್ಲಿಡಬೇಕೆಂದು ಅವನಿಗೆ ತಿಳಿದಂತಿರಲಿಲ್ಲ. ತುರ್ದುಕುಲ್ ಎಂದು ಶುರುಮಾಡಿದರೆ ಹಿಂದೆ ನಿಂತವಳು ಎಲ್ಲರ ಕಣ್ಣಿಗೆ ತಪ್ಪು ಹೇಳಿದ ಪೆದ್ದಿಯಾಗುತ್ತಾಳೆ. ಎಸೆನ್ ಎಂದು ಶುರುಮಾಡಿದರೆ ಮುಂದೆ ಕೂತವನು ಕಲ್ಲುಸಕ್ಕರೆಯ ಜೊತೆಗೆ ಹಿಂದೆ ಸರಿಯುತ್ತಾನೆ. ಅವಳು ಮೈಕನ್ನು ಎರಡೂ ಕೈಯಲ್ಲಿ ಹಿಡಿದಳು.

"ಎಸೆನ್" ಎಂದಳು. "ತುರ್ದುಕುಲ್. ಇಸಾಕ್. ಬಾಯ್‌ಸರಿ. ಚೊಲೊಕ್. ಎಶಿಮ್. ಕರಾಕೊಜೊ." ಅಲ್ಲಿಗೆ ಏಳಾಯಿತು. ಅಪ್ಪ ಅವಳನ್ನೇ ನೋಡುತ್ತಿದ್ದ. "ತೆಕೆಬಾಯ್" ಎಂದು ಅದನ್ನೂ ಹೇಳಿದಳು, ದನಿ ತಗ್ಗಿಸದೆ.

ಮ್ಯಾ ಎಂದಿತು ಸಭೆ. ಬುರುಲ್ ಅಕ್ಕ ಬೆರಳು ಮಡಿಸಿ ಎಣಿಸಿದರು. "ಒಂದು ಜಾಸ್ತಿ ಬಂತಲ್ಲಮ್ಮ."

"ಹೂಂ ಅಕ್ಕ. ನಂಗೆ ಒಂದು ಜಾಸ್ತಿ."

ಅಂಗಳದಲ್ಲಿ ದೊಡ್ಡ ಹಂಡೆಯಿಂದ ಸುಮೊಲೊಕ್ ಹಂಚುತ್ತಿದ್ದರು. ಮೊಳಕೆಗೋಧಿಯ ಆ ಕಂದು ಪಾಯಸದ ಆವಿ ತಣ್ಣನೆಯ ಗಾಳಿಯಲ್ಲಿ ಏಳುತ್ತಿತ್ತು. ಅಪ್ಪ ಬಟ್ಟಲು ಹಿಡಿದು ಒಬ್ಬನೇ ಗೋಡೆಯ ಪಕ್ಕ ನಿಂತಿದ್ದ. ಅವಳು ಹತ್ತಿರ ಹೋಗಿ ನಿಂತಳು. ಚಮಚ ಆಡಿಸುತ್ತ ಅವನು, "ನನ್ನನ್ನ ಎರಡನೇ ಜಾಗಕ್ಕೆ ತಳ್ಳಿಬಿಟ್ಟೆಯಲ್ಲೇ" ಎಂದ.

"ಯಾರನ್ನೂ ಬಿಡ್ಲಿಲ್ಲ ಅಪ್ಪ."

"ಬಿಡ್ಲಿಲ್ಲ, ಕೇಳಿಸ್ತು. ಹೋತಾನೂ ಬಿಡ್ಲಿಲ್ಲ." ಅವನು ಅಪ್ಪ ಎಂಬ ಮಾತನ್ನು ಗಮನಿಸಿದ್ದ, ಕಣ್ಣು ಒರೆಸಿಕೊಂಡು ಹಂಡೆಯ ಹೊಗೆಯನ್ನು ಬೈದ. ಅಮ್ಮ ಅಷ್ಟು ಸುಲಭಕ್ಕೆ ಬಗ್ಗುವವಳಲ್ಲ. "ಇಷ್ಟು ವರ್ಷ ಮಡಿಲಲ್ಲಿ ಇಟ್ಕೊಂಡಿದ್ದು ಸಾಲ್ಲಿಲ್ವಾ" ಎಂದು, ಮುಖ ತಿರುಗಿಸಿಯೇ ಅವಳ ಕೈಗೆ ಒಂದು ಬಟ್ಟಲು ತುರುಕಿದಳು. ಪೆರಿಜಾತ್ ಆ ಮಖಮಲ್ಲಿನ ಮೊಣಕೈಯನ್ನು ಹಿಡಿದುಕೊಂಡಳು. ಅಮ್ಮ ಕೈ ಕೊಡವಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ. ಇದು ಇವತ್ತಿಗೆ ಮುಗಿಯುವ ಸಿಟ್ಟಲ್ಲ, ತನ್ನದೇನೂ ತಪ್ಪಿಲ್ಲ ಎಂದು ಹೇಳಿಕೊಳ್ಳುವುದೂ ತನಗೆ ಸಾಧ್ಯವಿಲ್ಲ ಎಂದು ಪೆರಿಜಾತ್‌ಗೆ ಗೊತ್ತಾಯಿತು.

ಕುತ್ಮನ್ ಬೆರಳಲ್ಲಿ ಏನೋ ಎಣಿಸುತ್ತ ಬಂದ. "ತಾಳು ತಾಳು. ಹೋತ ನಿಂಗೆ ಎಂಟನೇದು ಅಂದ್ರೆ ಏಳರಿಂದ ಆಚೆ ಹೋಯ್ತು. ನಂಗೆ ಇನ್ನೂ ಏಳನೇದೇ. ಅಂದ್ರೆ ನನ್ನ ಕಡೆಯಿಂದ ನಾವು ನೆಂಟರು, ನಿನ್ನ ಕಡೆಯಿಂದ ಅಲ್ಲ."

"ನಿನ್ನ ಕಡೇದು ನೀನೇ ನೋಡ್ಕೊ."

ಅವನು ಮಡಿಸಿದ ಬೆರಳುಗಳನ್ನು ಗಂಭೀರವಾಗಿ ಬಿಚ್ಚಿದ. "ನಮ್ಮನೇಲೂ ಒಬ್ಬ ಅಣ್ಣ ಇದಾನೆ ಕಣೇ. ನನ್ನ ನೋಡಿದ್ರೆ ಮಾತೇ ಆಡಲ್ಲ. ಇವತ್ತು ಹೋಗಿ ಕೇಳ್ತೀನಿ."

ಅವಳು ನಕ್ಕಳು. ನಗುವಾಗ ಚೀಲದೊಳಗೆ ಕೈಹಾಕಿ ಗವಸು ಇದೆಯೋ ಎಂದು ನೋಡಿಕೊಂಡಳು. ಇತ್ತು, ಅಲ್ಲೇ ಇರಲಿ ಎಂದು ಬಿಟ್ಟಳು.

ಬಾಗಿಲ ಮೆಟ್ಟಿಲ ಮೇಲೆ ಅತ್ತಿಗೆ, ನೆಲಕ್ಕೆ ಬಿದ್ದ ಬೋರ್ಸೊಕ್‌ಗಳನ್ನು ಏಪ್ರನ್ನಿನಲ್ಲಿ ಕಟ್ಟಿಕೊಂಡು ನಿಂತಿದ್ದಳು. ಎಲ್ಲರೂ ನೋಡುತ್ತಿದ್ದುದರಿಂದ ಯಾರನ್ನೂ ನೋಡುತ್ತಿರಲಿಲ್ಲ. ಅತ್‌ಬಾಷಿಯ ಗುಡ್ಡಗಳ ಕಡೆಯಿಂದ ಗಾಳಿ ಬಂತು. ಅವಳು ಅಭ್ಯಾಸಬಲದಿಂದ ತಲೆಯೆತ್ತಿ ಪೆರಿಜಾತ್‌ಳ ಬರಿಯ ತಲೆಯನ್ನು ನೋಡಿದಳು. ಬಾಯಿ ತೆರೆದಳು, ಈಗ ಹಾಗೆ ಕರೆಯಬಹುದೋ ಬಾರದೋ ಎಂದು ತಡೆದಳು. ಆಮೇಲೆ ಕರೆದಳು.

"ಪೆರಿಜಾತ್. ಟೋಪಿ ಹಾಕ್ಕೊ."

ಬರಿಯ ಹೆಸರು. ಹಿಂದೆ ಮುಂದೆ ಏನೂ ಇಲ್ಲದ್ದು.

"ಹಾಕ್ಕೊಂಡೆ" ಎಂದು ಪೆರಿಜಾತ್ ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡಳು. ಯಾವಾಗಲೂ ಕೊನೆಗೆ ಸೇರಿಸುತ್ತಿದ್ದ ಅತ್ತಿಗೆ ಎಂಬ ಮಾತನ್ನು ಈ ಸಲ ಸೇರಿಸಲಿಲ್ಲ. ಅದರ ಜಾಗಕ್ಕೆ ಬೇರೆ ಮಾತನ್ನೂ ಇನ್ನೂ ಇಡಲಿಲ್ಲ. ಆದರೂ ಮೆಟ್ಟಿಲ ಮೇಲಿದ್ದವಳು ಆ ಖಾಲಿ ಬಿಟ್ಟ ಜಾಗವನ್ನು ಕೇಳಿಸಿಕೊಂಡಳು. ಕಟ್ಟಿದ್ದ ಏಪ್ರನ್ನು ಕೈಯಿಂದ ಜಾರಿ, ಆರಿಸಿಟ್ಟುಕೊಂಡಿದ್ದ ಬೋರ್ಸೊಕ್‌ಗಳೆಲ್ಲ ಮತ್ತೊಮ್ಮೆ ಮೆಟ್ಟಿಲಿಳಿದು ಉರುಳಿದವು.